ನಿಮಗಿದು ಗೊತ್ತೇ? ಮುದಿ ಬೆಕ್ಕಿನ ಕಿಡ್ನಿ ರಿಪೋರ್ಟು

ಬೆಕ್ಕಿನ ಒಂದೊಂದು ಕಿಡ್ನಿಯಲ್ಲಿ ರಕ್ತ ಸೋಸುವ ನೆಫ್ರಾನುಗಳು ಇರುವುದು ಸುಮಾರು 2 ಲಕ್ಷ. ಮನುಷ್ಯರಲ್ಲಿ ಅದು ಸುಮಾರು 10 ಲಕ್ಷ. ಹೋದ ನೆಫ್ರಾನು ಮತ್ತೆ ಹುಟ್ಟುವುದಿಲ್ಲ, ಉಳಿದವೇ ಅದರ ಪಾಲಿನ ಕೆಲಸವನ್ನೂ ಹೊರುತ್ತವೆ. ಹಾಗಾಗಿ ಕಿಡ್ನಿಯ ಮುಕ್ಕಾಲು ಪಾಲು ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ಅಂಕಿ ನಾರ್ಮಲ್ ಗೆರೆಯೊಳಗೇ ಕೂತಿರಬಹುದು.

ಈ ಕ್ರಿಯಾಟಿನಿನ್ ತಯಾರಾಗುವುದು ಕಿಡ್ನಿಯಲ್ಲಲ್ಲ, ಮಾಂಸಖಂಡದಲ್ಲಿ. ಕಿಡ್ನಿಯದು ಅದನ್ನು ಹೊರಹಾಕುವ ಕೆಲಸ ಮಾತ್ರ. ವಯಸ್ಸಾಗಿ, ಬೆನ್ನುಮೂಳೆ ಕೈಗೆ ತಾಗುವಷ್ಟು ಮೈ ಇಳಿದ ಬೆಕ್ಕಿನಲ್ಲಿ ಅದು ಹುಟ್ಟುವುದೇ ಕಡಿಮೆ. ಆದ್ದರಿಂದ 1.5 ಎನ್ನುವ ಅಂಕಿ ಮೈಕೈ ತುಂಬಿದ ಬೆಕ್ಕಿಗೆ ಸಮಾಧಾನ, ಸಣಕಲು ಬೆಕ್ಕಿಗೆ ಅನುಮಾನ. ಲ್ಯಾಬಿನವರು ಬೆಕ್ಕಿನ ತೂಕ ಬರೆಯುವುದಿಲ್ಲ. ರಿಪೋರ್ಟಿನ ಮೂಲೆಯಲ್ಲಿ ನೀವೇ ಪೆನ್ನಿನಲ್ಲಿ ಬರೆದಿಡಿ. ಆರು ತಿಂಗಳು ಬಿಟ್ಟು ನೋಡಿದಾಗ ಆ ಬರಹಕ್ಕೆ ಬೆಲೆ ಬರುತ್ತದೆ.

ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು ಮುದಿ ಬೆಕ್ಕುಗಳ ಇನ್ನೊಂದು ಸಾಮಾನ್ಯ ಕಾಯಿಲೆ. ಅದು ಕಿಡ್ನಿಗೆ ಹರಿಯುವ ರಕ್ತವನ್ನು ಹೆಚ್ಚಿಸುತ್ತದೆ, ಮಾಂಸಖಂಡವನ್ನೂ ಕರಗಿಸುತ್ತದೆ. ಎರಡರಿಂದಲೂ ಕ್ರಿಯಾಟಿನಿನ್ ಇಳಿಯುತ್ತದೆ, ಕಿಡ್ನಿಯ ತೊಂದರೆ ಮರೆಯಾಗುತ್ತದೆ. ಥೈರಾಯ್ಡಿಗೆ ಔಷಧಿ ಶುರುವಾದ ಮೇಲೆ ಅಂಕಿ ಏರಿದರೆ ‘ಮಾತ್ರೆ ಕಿಡ್ನಿ ಕೆಡಿಸಿತು’ ಎಂದು ಡಾಕ್ಟರನ್ನು ಬೈಯುವವರುಂಟು. ಬಹುಪಾಲು ಸಲ ಅಡಗಿದ್ದ ಕಾಯಿಲೆ ಹೊರಬಿದ್ದಿರುತ್ತದೆ, ಅಷ್ಟೇ.

ಎಸ್‌ಡಿಎಂಎ ಎಂಬ ಹೊಸ ಸಾಲು ರಿಪೋರ್ಟುಗಳಲ್ಲಿ ಕಾಣಿಸಿಕೊಂಡದ್ದು 2015ರಿಂದ ಈಚೆಗೆ. ಇದಕ್ಕೂ ಮಾಂಸಖಂಡಕ್ಕೂ ಅಷ್ಟಾಗಿ ಸಂಬಂಧವಿಲ್ಲ. ಸುಮಾರು ಶೇ. 40ರಷ್ಟು ಶಕ್ತಿ ಹೋದಾಗಲೇ ಇದು ಏರಬಲ್ಲದು. ಬೆಕ್ಕುಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಕ್ರಿಯಾಟಿನಿನ್‌ಗಿಂತ ಸರಾಸರಿ 17 ತಿಂಗಳು ಮೊದಲೇ ಸುಳಿವು ಕೊಟ್ಟಿತ್ತು. ಸಾಮಾನ್ಯವಾಗಿ 14ರವರೆಗೆ ಚಿಂತೆಯಿಲ್ಲ.

‘ಸ್ಟೇಜ್ 2’ ಎಂದು ಬರೆದದ್ದು ಕಂಡು ಎದೆ ಧಸಕ್ ಎನ್ನುವುದು ಬೇಡ, ಇದು ಕ್ಯಾನ್ಸರಿನ ಸ್ಟೇಜ್ ಅಲ್ಲ. 1998ರಲ್ಲಿ ಹುಟ್ಟಿದ ಐರಿಸ್ ಎಂಬ ಅಂತರರಾಷ್ಟ್ರೀಯ ಪಶುವೈದ್ಯರ ಕೂಟ ಮಾಡಿದ ಪಟ್ಟಿ. ಬೆಕ್ಕಿನ ಕ್ರಿಯಾಟಿನಿನ್ 1.6ಕ್ಕಿಂತ ಕಡಿಮೆಯಿದ್ದೂ ಕಿಡ್ನಿ ಕಾಯಿಲೆಯ ಬೇರೆ ಗುರುತುಗಳಿದ್ದರೆ ಸ್ಟೇಜ್ 1. 1.6ರಿಂದ 2.8 ಎರಡನೆಯದು, 2.9ರಿಂದ 5 ಮೂರನೆಯದು, ಅದರಾಚೆ ನಾಲ್ಕು. ಒಂದೇ ದಿನದ ರಕ್ತ ನೋಡಿ ಸ್ಟೇಜ್ ಹೇಳುವ ಪದ್ಧತಿಯಿಲ್ಲ. ಬೆಕ್ಕಿನ ಮೈಯಲ್ಲಿ ನೀರಿನಂಶ ಸರಿಯಾಗಿರುವಾಗ ಇನ್ನೊಮ್ಮೆ ನೋಡಿಯೇ ನಿರ್ಧರಿಸುತ್ತಾರೆ. ಎರಡನೆಯ ಹಂತದಲ್ಲೇ ಪತ್ತೆಯಾಗಿ, ಆಮೇಲೆ ವರ್ಷಗಟ್ಟಲೆ ಇಲಿ ಹಿಡಿದುಕೊಂಡು ಆರಾಮಾಗಿರುವ ಬೆಕ್ಕುಗಳಿವೆ.

ಸ್ಯಾಂಪಲ್ ಮನುಷ್ಯರ ಲ್ಯಾಬಿಗೆ ಹೋಗಿದ್ದರೆ ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿಯೂ ಮನುಷ್ಯರದೇ ಇರಬಹುದು. ಆಗ ಗಟ್ಟಿಮುಟ್ಟಾದ ಬೆಕ್ಕಿನ 1.4 ಕೂಡ ದಪ್ಪಕ್ಷರದಲ್ಲಿ ಬಂದು ಮನೆಮಂದಿಯ ನಿದ್ದೆಗೆಡಿಸುತ್ತದೆ.

ಲಂಡನ್ನಿನಲ್ಲಿರುವ ಮಗಳು ತನ್ನ ಬೆಕ್ಕಿನ ಕ್ರಿಯಾಟಿನಿನ್ 180 ಎಂದು ವಾಟ್ಸಾಪಿನಲ್ಲಿ ಕಳಿಸಿದರೆ ಗಾಬರಿ ಬೇಡ. ಅಲ್ಲಿಯ ಅಳತೆ ಬೇರೆ. 88.4ರಿಂದ ಭಾಗಿಸಿ, ನಮ್ಮ ಲೆಕ್ಕದಲ್ಲಿ ಅದು ಸುಮಾರು 2. ಇಲ್ಲೇ ಇನ್ನೊಂದು ಗೊಂದಲವಿದೆ: ಕೆಲವು ಲ್ಯಾಬು ‘ಯೂರಿಯಾ’ ಬರೆಯುತ್ತವೆ, ಕೆಲವು ‘ಬಿಯುಎನ್’. ಎರಡೂ ಒಂದೇ ಅಲ್ಲ. ಬಿಯುಎನ್ ಅಂಕಿಯನ್ನು 2.14ರಿಂದ ಗುಣಿಸಿದರೆ ಯೂರಿಯಾ ಸಿಗುತ್ತದೆ. ಹೋದ ಸಲ 30 ಇದ್ದದ್ದು ಈ ಸಲ 64 ಆಯಿತೆಂದು ಕಂಗಾಲಾಗುವ ಮೊದಲು ಲ್ಯಾಬು ಬದಲಾಗಿದೆಯೇ ನೋಡಿ.

ಯೂರಿಯಾ ಊಟದ ಮೇಲೂ ನಿಂತಿದೆ. ಹೊಟ್ಟೆ ತುಂಬ ಮೀನು ತಿಂದ ಬೆಕ್ಕಿನಲ್ಲಿ ಏರುತ್ತದೆ, ಕರುಳಿನಲ್ಲಿ ರಕ್ತ ಒಸರಿದರೂ ಏರುತ್ತದೆ. ನಮ್ಮ ಕಡೆ ಹಾಲು ಅನ್ನದಲ್ಲೇ ಬೆಳೆದ ಬೆಕ್ಕಿನಲ್ಲಿ ಪ್ರೋಟೀನು ಕಡಿಮೆಯಾದ್ದರಿಂದ ಇಳಿದೇ ಇರಬಹುದು. ಅದು ಹಾಲು ಅನ್ನಕ್ಕೆ ಕೊಟ್ಟ ಸರ್ಟಿಫಿಕೇಟು ಅಲ್ಲ. ಬೆಕ್ಕಿಗೆ ಮಾಂಸ ಬೇಕೇ ಬೇಕು.

ರಕ್ತದ ರಿಪೋರ್ಟು ಮೂತ್ರದ ರಿಪೋರ್ಟಿಲ್ಲದೆ ಅರ್ಧ ಓದಿದ ಪತ್ರದ ಹಾಗೆ. ಮೂತ್ರವನ್ನು ಗಟ್ಟಿಯಾಗಿಸಿ ನೀರು ಉಳಿಸುವುದರಲ್ಲಿ ಬೆಕ್ಕು ನಿಸ್ಸೀಮ. ಅದರ ಮೂಲಪುರುಷ ಆಫ್ರಿಕಾದ ಒಣನೆಲದ ಕಾಡುಬೆಕ್ಕು. ಸಮುದ್ರದ ನೀರು ಕುಡಿದೂ ಬೆಕ್ಕು ಮೈಯ ನೀರಿನ ಕೊರತೆ ತುಂಬಿಕೊಳ್ಳಬಲ್ಲದೆಂದು 1959ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತ್ತು (ಮನೆಯಲ್ಲಿ ಪ್ರಯತ್ನಿಸುವಂಥದ್ದಲ್ಲ). ಆದ್ದರಿಂದ ಮೂತ್ರದ ಸಾಂದ್ರತೆ 1.035ಕ್ಕಿಂತ ಹೆಚ್ಚಿದ್ದು ಕ್ರಿಯಾಟಿನಿನ್ ಮಾತ್ರ ಏರಿದ್ದರೆ ಬರೀ ನೀರಿನ ಕೊರತೆಯಿರಬಹುದು. ಕ್ರಿಯಾಟಿನಿನ್ ಏರಿ ಮೂತ್ರ 1.010ರ ಆಸುಪಾಸಿನಲ್ಲಿ ತೆಳ್ಳಗಿದ್ದರೆ ಕಿಡ್ನಿಯ ಮೇಲೇ ಅನುಮಾನ. ರಕ್ತ ತೆಗೆಯುವ ಮೊದಲು ಊಟ ನಿಲ್ಲಿಸಿ ಎಂದರೆ ನಿಲ್ಲಿಸಿ, ನೀರಿನ ಬಟ್ಟಲು ಎತ್ತಿಡಬೇಡಿ.

ಮೂತ್ರ ಪರೀಕ್ಷೆಯ ಬಣ್ಣದ ಪಟ್ಟಿಗಳು ಮನುಷ್ಯರಿಗೆಂದು ಮಾಡಿದವು. ಅದರಲ್ಲಿ ಸಾಂದ್ರತೆ ಮತ್ತು ಬಿಳಿ ರಕ್ತಕಣ ತೋರಿಸುವ ಚೌಕಗಳನ್ನು ಬೆಕ್ಕಿನ ವಿಷಯದಲ್ಲಿ ನಂಬುವಂತಿಲ್ಲ. ಸಾಂದ್ರತೆ ನೋಡಲು ರಿಫ್ರಾಕ್ಟೋಮೀಟರೇ ಬೇಕು. ಪ್ರೋಟೀನಿನ ಚೌಕವೂ ಮೋಸ ಮಾಡುತ್ತದೆ: ಆರೋಗ್ಯವಂತ ಬೆಕ್ಕಿನ ಕಿಡ್ನಿಯೇ ಕಾಕ್ಸಿನ್ ಎಂಬ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತದೆ, ಗಂಡು ಬೆಕ್ಕಿನ ಆ ಘಾಟು ವಾಸನೆಯ ಹಿಂದಿರುವುದೂ ಅದೇ. ಕಿಡ್ನಿ ಸೋತಂತೆ ಕಾಕ್ಸಿನ್ ಇಳಿಯುತ್ತದೆ. ಮುದಿ ಬೆಕ್ಕಿನ ಟ್ರೇ ಈಗ ನಾರುತ್ತಿಲ್ಲವೆಂದು ಹಿಗ್ಗುವ ಮುನ್ನ ಒಂದು ಪರೀಕ್ಷೆ ಮಾಡಿಸಿ.

ರಿಪೋರ್ಟಿನ ಪೊಟ್ಯಾಸಿಯಂ ಸಾಲನ್ನೂ ನೋಡಿ: ಅದು ತೀರಾ ಇಳಿದರೆ ಬೆಕ್ಕಿನ ಕುತ್ತಿಗೆಯ ಬಲ ಹೋಗಿ ತಲೆ ಎದೆಯತ್ತ ಬಾಗುತ್ತದೆ.

ರಾತ್ರೋರಾತ್ರಿ ಕಣ್ಣು ಕಾಣದಂತಾದ ಮುದಿ ಬೆಕ್ಕಿಗೆ ಎಷ್ಟೋ ಸಲ ಮೂಲ ಕಾರಣ ಬಿಪಿ. ಮೇಲಿನ ಅಂಕಿ 160 ಮುಟ್ಟಿದರೆ ಹೆಚ್ಚು, 180 ಆದರೆ ಅಪಾಯ. ಕಿಡ್ನಿ ಕಾಯಿಲೆಗೂ ಇದಕ್ಕೂ ನಂಟಿದೆ. ಔಷಧಿ ಅಮ್ಲೋಡಿಪಿನ್, ಅಜ್ಜನ ಮಾತ್ರೆ ಡಬ್ಬಿಯಲ್ಲಿರುವುದೂ ಅದೇ ಇರಬಹುದು, ಆದರೆ ಅಳತೆ ಬೇರೆ. ಅಲ್ಲಿಂದ ತೆಗೆದು ಕೊಡಬೇಡಿ.

ಕ್ರಿಯಾಟಿನಿನ್ 10 ದಾಟಿದ್ದು ಮೂತ್ರದ್ವಾರ ಕಟ್ಟಿಕೊಂಡದ್ದರಿಂದ ಎಂದಾದರೆ, ಅಡ್ಡಿ ತೆಗೆದ ಕೆಲವೇ ದಿನಗಳಲ್ಲಿ ಅಂಕಿ 2ರ ಒಳಗೆ ಬಂದುಬಿಡಬಹುದು. ಸ್ಟೇಜ್ ಪಟ್ಟಿ ಇಂಥ ಬೆಕ್ಕಿಗೆ ಅನ್ವಯಿಸುವುದೇ ಇಲ್ಲ, ಹೊತ್ತು ಮಾತ್ರ ಮುಖ್ಯ. ಟ್ರೇಯಲ್ಲಿ ಕೂತು ತಿಣುಕಿದರೂ ಹನಿ ಮೂತ್ರ ಬಾರದ ಗಂಡು ಬೆಕ್ಕನ್ನು ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಒಯ್ಯಿರಿ.