ನೀರಿನ ಮೇಲೆ ಕಂಡ ಅಪಾಯ: ಯಾರಿಗೆ, ಹೇಗೆ ತಿಳಿಸಬೇಕು?

ರಸ್ತೆಯಲ್ಲಿ ಬಸ್ಸೊಂದು ಅಡ್ಡಾದಿಡ್ಡಿ ಓಡಿದರೆ ನಾವು ಕೂಗುತ್ತೇವೆ, ಅದರ ನಂಬರು ನೋಡಿಕೊಳ್ಳುತ್ತೇವೆ. ಅದೇ ಒಂದು ದೋಣಿ ಮಿತಿಮೀರಿ ಜನರನ್ನು ತುಂಬಿಕೊಂಡು ಹೊರಟರೆ, "ಅಂಬಿಗನಿಗೆ ಗೊತ್ತಿರುತ್ತದೆ ಬಿಡಿ" ಎಂದು ಸುಮ್ಮನಾಗುತ್ತೇವೆ. ನೀರಿನ ಮೇಲೂ ನಿಯಮಗಳಿವೆ, ಅವನ್ನು ಮೀರಿದವರ ಮೇಲೆ ದೂರು ಕೊಡಬಹುದು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ.

ಈ ಮೌನಕ್ಕೆ ತೆತ್ತ ಬೆಲೆ ಸಣ್ಣದಲ್ಲ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮುಳುಗಿ 22 ಮಂದಿ ಸತ್ತರು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಪ್ರವಾಸಕ್ಕೆ ಬಂದಿದ್ದ 12 ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು ನೀರುಪಾಲಾದರು. ಮೂರೂ ಕಡೆ ಕೇಳಿಬಂದ ಕಾರಣ ಒಂದೇ: ದೋಣಿ ಹೊರಬಹುದಾದುದಕ್ಕಿಂತ ಹೆಚ್ಚು ಜನ. ಹೆಚ್ಚು ಜನ ಹತ್ತುವುದು ಗುಟ್ಟಾಗಿ ನಡೆಯುವ ಕೆಲಸವಲ್ಲ. ಅದು ಹಾಡುಹಗಲೇ, ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ.

ಹೆಚ್ಚು ಭಾರ ಏಕೆ ಅಪಾಯ?

ನೀವು ತರಗತಿಯಲ್ಲಿ ಓದಿದ ಆರ್ಕಿಮಿಡೀಸ್ ತತ್ತ್ವವನ್ನೇ ಇಲ್ಲಿ ಬಳಸಿ ನೋಡಿ. ನೀರಿನ ಮಟ್ಟದಲ್ಲಿ ಸುಮಾರು 8 ಚದರ ಮೀಟರ್ ವಿಸ್ತಾರವಿರುವ ಒಂದು ಸಣ್ಣ ದೋಣಿ ಇದೆ ಎನ್ನಿ. ಅದು 1 ಸೆಂಟಿಮೀಟರ್ ಕೆಳಗಿಳಿಯಬೇಕಾದರೆ 80 ಲೀಟರ್ ನೀರನ್ನು, ಅಂದರೆ 80 ಕಿಲೋಗ್ರಾಂ ನೀರನ್ನು ಪಕ್ಕಕ್ಕೆ ಸರಿಸಬೇಕು. ಅದು ಹೆಚ್ಚುಕಡಿಮೆ ಒಬ್ಬ ದೊಡ್ಡ ಆಳಿನ ತೂಕ. ಹತ್ತು ಮಂದಿ ಹೆಚ್ಚಾಗಿ ಹತ್ತಿದರೆ ದೋಣಿಯ ಅಂಚು 10 ಸೆಂಟಿಮೀಟರ್ ನೀರಿಗೆ ಹತ್ತಿರವಾಗುತ್ತದೆ. ಶಾಂತವಾದ ನೀರಿನಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ಪಕ್ಕದಲ್ಲಿ ಒಂದು ಸ್ಪೀಡ್ ಬೋಟ್ ಹಾದುಹೋಗಿ ಅಲೆ ಎದ್ದಿತೋ, ನೀರು ಒಳಗೆ ನುಗ್ಗುತ್ತದೆ.

ಇನ್ನೊಂದು ಅಂಶ ಗುರುತ್ವ ಕೇಂದ್ರ. ಜನ ಎದ್ದು ನಿಂತರೆ, ಮೇಲಿನ ಅಂತಸ್ತಿಗೆ ಹೋದರೆ ಅದು ಮೇಲೇರುತ್ತದೆ. ಒಂದೇ ಬದಿಗೆ ನುಗ್ಗಿದರೆ ಪಕ್ಕಕ್ಕೆ ಸರಿಯುತ್ತದೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಸರೋವರದಲ್ಲಿ ಎರಡಂತಸ್ತಿನ ದೋಣಿ ಮಗುಚಿ 45 ಮಂದಿ ಸತ್ತಾಗ, ಪ್ರವಾಸಿಗರು ಕಾಡುಪ್ರಾಣಿಗಳನ್ನು ನೋಡಲು ಒಂದೇ ಬದಿಗೆ ಸರಿದದ್ದು ಕಾರಣಗಳಲ್ಲಿ ಒಂದೆಂದು ವರದಿಯಾಯಿತು. ಒಳಗೆ ಸೇರಿದ ನೀರು ಸಹ ದೋಣಿ ವಾಲಿದ ಕಡೆಗೇ ಹರಿದು, ವಾಲನ್ನು ಮತ್ತಷ್ಟು ಹೆಚ್ಚಿಸುತ್ತದೆ. ಹೀಗಾಗಿ ದೋಣಿ ಮಗುಚಲು ಕೆಲವೇ ಕ್ಷಣಗಳು ಸಾಕು. ಲೈಫ್ ಜಾಕೆಟ್ ಅನ್ನು ಸೀಟಿನ ಕೆಳಗೆ ಇಟ್ಟುಕೊಂಡರೆ ಪ್ರಯೋಜನವಿಲ್ಲ ಎನ್ನುವುದು ಇದಕ್ಕಾಗಿಯೇ.

ಜೆಟ್ ಸ್ಕೀಯ ವಿಚಿತ್ರ

ಸಮುದ್ರತೀರಗಳಲ್ಲಿ ಈಗ ಬಾಡಿಗೆಗೆ ಸಿಗುವ ಜೆಟ್ ಸ್ಕೀ ನೋಡಲು ಮೋಟಾರ್ ಸೈಕಲ್ಲಿನಂತಿದೆ. ಆದರೆ ಅದರ ಸ್ವಭಾವ ಬೇರೆ. ಅದು ನೀರನ್ನು ಒಳಗೆ ಎಳೆದುಕೊಂಡು, ಹಿಂದಿನ ಕೊಳವೆಯಿಂದ ರಭಸವಾಗಿ ಹೊರಚಿಮ್ಮಿ ಮುಂದೆ ಹೋಗುತ್ತದೆ. ಹ್ಯಾಂಡಲ್ ತಿರುಗಿಸಿದಾಗ ತಿರುಗುವುದು ಈ ಕೊಳವೆಯ ಬಾಯಿ. ಆದ್ದರಿಂದ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ನೀರಿನ ಧಾರೆ ನಿಲ್ಲುತ್ತದೆ, ಅದರೊಂದಿಗೆ ತಿರುಗಿಸುವ ಹಿಡಿತವೂ ಹೋಗುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಬ್ರೇಕ್ ಇರುವುದಿಲ್ಲ. ವಾಹನ ತಾನು ಹೋಗುತ್ತಿದ್ದ ದಿಕ್ಕಿನಲ್ಲೇ ಜಾರುತ್ತಾ ಹೋಗುತ್ತದೆ.

ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. 70 ಮೀಟರ್ ದೂರದಲ್ಲಿ ಈಜುತ್ತಿರುವವರನ್ನು ತಲುಪಲು 5 ಸೆಕೆಂಡು. ಅಲೆಗಳ ನಡುವೆ ಕಾಣುವುದು ಬರಿಯ ಒಂದು ತಲೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದೂ ನಿಮಗೆ ಗೊತ್ತು. 2024ರ ಡಿಸೆಂಬರ್ 18ರಂದು ಮುಂಬಯಿ ಬಂದರಿನಲ್ಲಿ ಎಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ವೇಗದ ದೋಣಿ ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ಡಿಕ್ಕಿ ಹೊಡೆದು 15 ಮಂದಿ ಸತ್ತರು. ಅದು ತಮ್ಮತ್ತ ಧಾವಿಸಿ ಬರುವುದನ್ನು ಪ್ರಯಾಣಿಕರೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ಅಷ್ಟು ಹತ್ತಿರ ಬಂದಮೇಲೆ ಯಾರಿಗೆ ತಿಳಿಸಿಯೂ ಉಪಯೋಗವಿಲ್ಲ. ತಿಳಿಸುವ ಕೆಲಸ ಅಪಾಯದ ಮೊದಲ ಲಕ್ಷಣ ಕಂಡಾಗಲೇ ಆಗಬೇಕು.

ಯಾವುದನ್ನು ತಿಳಿಸಬೇಕು?

ನುರಿತವರ ಕಣ್ಣೇ ಬೇಕೆಂದಿಲ್ಲ. ಈ ಲಕ್ಷಣಗಳನ್ನು ಯಾರೂ ಗುರುತಿಸಬಹುದು: ದೋಣಿಯ ಅಂಚು ನೀರಿಗೆ ತೀರ ಹತ್ತಿರವಿರುವುದು, ಪ್ರಯಾಣಿಕರಿಗೆ ಲೈಫ್ ಜಾಕೆಟ್ ಇಲ್ಲದಿರುವುದು, ನಡೆಸುವವನು ಕುಡಿದಿರುವುದು, ಕತ್ತಲಾದ ಮೇಲೆ ದೀಪವಿಲ್ಲದೆ ಓಡಿಸುವುದು, ಎಚ್ಚರಿಕೆ ಇದ್ದರೂ ಮಳೆಗಾಲದ ಸಮುದ್ರಕ್ಕೆ ಪ್ರವಾಸಿಗರನ್ನು ಒಯ್ಯುವುದು, ಈಜುವವರ ನಡುವೆ ಜೆಟ್ ಸ್ಕೀ ನುಗ್ಗಿಸುವುದು, ಮೋಜಿಗಾಗಿ ಸಣ್ಣ ದೋಣಿಗಳ ಸುತ್ತ ಸುತ್ತಿ ಅಲೆ ಎಬ್ಬಿಸುವುದು.

ಇವು ಬರಿಯ ಅಶಿಸ್ತಿನ ಮಾತಲ್ಲ, ಅಪರಾಧಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 282ನೆಯ ಕಲಮು ಅಜಾಗರೂಕತೆಯಿಂದ ಜನರ ಜೀವಕ್ಕೆ ಅಪಾಯವಾಗುವಂತೆ ದೋಣಿ, ಹಡಗು ನಡೆಸುವುದಕ್ಕೆ ಶಿಕ್ಷೆ ವಿಧಿಸುತ್ತದೆ. 284ನೆಯ ಕಲಮು ಬಾಡಿಗೆಗಾಗಿ ಜನರನ್ನು ಅಸುರಕ್ಷಿತ ಅಥವಾ ಅತಿಭಾರದ ದೋಣಿಯಲ್ಲಿ ಸಾಗಿಸುವುದಕ್ಕೆ ಸಂಬಂಧಿಸಿದ್ದು. ಎರಡಕ್ಕೂ ಆರು ತಿಂಗಳವರೆಗೆ ಸೆರೆವಾಸ ಉಂಟು. ಯಾರಿಗೂ ಪೆಟ್ಟಾಗದಿದ್ದರೂ ಅಪರಾಧ ಅಪರಾಧವೇ. ಒಳನಾಡಿನ ನೀರಿನಲ್ಲಿ ಓಡುವ ಯಂತ್ರಚಾಲಿತ ದೋಣಿಗಳಿಗೆ ನೋಂದಣಿ, ತಪಾಸಣೆ ಬೇಕೆಂದು 2021ರ ಒಳನಾಡು ಹಡಗುಗಳ ಕಾಯಿದೆ ಹೇಳುತ್ತದೆ.

ಯಾರಿಗೆ, ಹೇಗೆ?

ಜೀವಕ್ಕೆ ಅಪಾಯ ಎದುರಿಗೇ ಇದ್ದರೆ 112ಕ್ಕೆ ಫೋನ್ ಮಾಡಿ. ಕೆರೆಯಾಗಲಿ, ಹೊಳೆಯಾಗಲಿ, ಅಣೆಕಟ್ಟಿನ ಹಿನ್ನೀರಾಗಲಿ ಈ ಸಂಖ್ಯೆಯೇ ಸಾಕು. ಸಮುದ್ರದಲ್ಲಿ ರಕ್ಷಣೆಗೆ ಭಾರತೀಯ ಕರಾವಳಿ ರಕ್ಷಣಾ ಪಡೆಯ 1554 ಇದೆ. ನಮ್ಮ ಕರಾವಳಿಯಲ್ಲಿ ಮಲ್ಪೆಯನ್ನು ಕೇಂದ್ರವಾಗಿಟ್ಟುಕೊಂಡ ಕರಾವಳಿ ಕಾವಲು ಪೊಲೀಸರಿದ್ದಾರೆ. ಅವರ ಸಂಖ್ಯೆ 1093. ತುರ್ತು ಇಲ್ಲದಿದ್ದರೆ ಪೊಲೀಸ್ ಠಾಣೆ, ಬಂದರು ಇಲಾಖೆಯ ಕಚೇರಿ ಅಥವಾ ಜಿಲ್ಲಾಧಿಕಾರಿಗಳ ಕಚೇರಿಗೆ ಬರೆದು ಕೊಡಿ. ಪ್ರವಾಸ ಮುಗಿಸಿ ಊರಿಗೆ ಬಂದಿದ್ದರೂ ಚಿಂತೆಯಿಲ್ಲ. ಇಂಥ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದೆಂದು ಈಗಿನ ಕಾನೂನು ಹೇಳುತ್ತದೆ.

"ಇಲ್ಲಿ ದೋಣಿಯವರು ಸರಿಯಿಲ್ಲ" ಎಂದು ಹೇಳಿದರೆ ಅಧಿಕಾರಿ ಏನೂ ಮಾಡಲಾರ. ಐದು ವಿವರಗಳನ್ನು ಹೇಳಿ. ಎಲ್ಲಿ? ನೀರಿನ ಮೇಲೆ ಬೀದಿಯ ಹೆಸರಿಲ್ಲ. ಆದ್ದರಿಂದ ದೀಪಸ್ತಂಭ, ಸೇತುವೆ, ದೇವಸ್ಥಾನದಂಥ ಗುರುತಿನಿಂದ ಯಾವ ದಿಕ್ಕಿನಲ್ಲಿ, ಎಷ್ಟು ದೂರ ಎಂದು ತಿಳಿಸಿ. ಯಾವಾಗ? ಗಡಿಯಾರ ನೋಡಿ ಹೇಳಿ. ಯಾವ ದೋಣಿ? ನೋಂದಣಿ ಸಂಖ್ಯೆ, ಹೆಸರು, ಬಣ್ಣ. ಏನು ಕಂಡಿರಿ? ಎಷ್ಟು ಜನ, ಎಷ್ಟು ಲೈಫ್ ಜಾಕೆಟ್ ಎಂದು ಎಣಿಸಿ. ಯಾವ ಕಡೆಗೆ ಹೋಯಿತು? ಕಂಡದ್ದನ್ನು ಮಾತ್ರ ಹೇಳಿ, ಊಹೆಯನ್ನು ಸೇರಿಸಬೇಡಿ. ಚಿತ್ರ ತೆಗೆದರೆ ಹಿನ್ನೆಲೆಯಲ್ಲಿ ಸ್ಥಳದ ಗುರುತು ಬರಲಿ. ದೋಣಿಯನ್ನು ಬೆನ್ನಟ್ಟಲು ಹೋಗಬೇಡಿ, ಜಗಳಕ್ಕೂ ಇಳಿಯಬೇಡಿ.

ಬಡ ಅಂಬಿಗನ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಯೋಚಿಸಬೇಕಾದ ಮಾತೇ. ಆದರೆ ಒಂದು ದೋಣಿ ಮುಳುಗಿದರೆ ಆ ಕಡವಿನ ಎಲ್ಲ ದೋಣಿಗಳೂ ದಡದಲ್ಲೇ ನಿಲ್ಲುತ್ತವೆ. ನಿಯಮ ಪಾಲಿಸುವ ಅಂಬಿಗನ ಅನ್ನವೂ ಅದರೊಂದಿಗೆ ಹೋಗುತ್ತದೆ. ಅಲ್ಲದೆ, "ಇನ್ನಿಬ್ಬರು ಹತ್ತಲಿ ಬಿಡಿ, ನಾವೆಲ್ಲ ಒಂದೇ ಗುಂಪು" ಎಂದು ಒತ್ತಾಯಿಸುವವರು ಎಷ್ಟೋ ಸಲ ನಾವೇ ಆಗಿರುತ್ತೇವೆ. ದೂರಿಗೂ ಮೊದಲು ಬೇಕಾದದ್ದು "ನಾನು ಮುಂದಿನ ದೋಣಿಗೆ ಬರುತ್ತೇನೆ" ಎನ್ನುವ ಧೈರ್ಯ.

ಚರ್ಚಿಸಿ:

1. ನಿಮ್ಮ ಶಾಲೆ ಅಥವಾ ಕಾಲೇಜಿನ ಪ್ರವಾಸದಲ್ಲಿ ದೋಣಿ ಹತ್ತುವ ಮುನ್ನ ತಲೆ ಎಣಿಸುವವರು ಯಾರು? ಬೇಡ ಎನ್ನುವ ಅಧಿಕಾರ ಯಾರಿಗಿದೆ?

2. ನಿಮ್ಮ ಊರಿಗೆ ಹತ್ತಿರದ ಕೆರೆ, ಹೊಳೆ ಅಥವಾ ಕಡಲತೀರದಲ್ಲಿ ದೋಣಿ ಹೊರಬಹುದಾದ ಜನರ ಸಂಖ್ಯೆ ಮತ್ತು ದೂರಿನ ದೂರವಾಣಿ ಸಂಖ್ಯೆಯನ್ನು ಬರೆದ ಫಲಕವಿದೆಯೇ? ಇಲ್ಲದಿದ್ದರೆ ಯಾರಿಗೆ ಪತ್ರ ಬರೆಯುವಿರಿ?

3. 12 ಚದರ ಮೀಟರ್ ವಿಸ್ತಾರದ ದೋಣಿಗೆ ತಲಾ 60 ಕಿಲೋಗ್ರಾಂ ತೂಕದ 20 ವಿದ್ಯಾರ್ಥಿಗಳು ಹತ್ತಿದರೆ ಅದು ಎಷ್ಟು ಸೆಂಟಿಮೀಟರ್ ಕೆಳಗಿಳಿಯುತ್ತದೆ? ಲೆಕ್ಕ ಹಾಕಿ.