ಅಪೀಲಿನ ಮಾದರಿ ಮಧುಗಿರಿಯ ಕಟ್ಟುಗಳಲ್ಲಿದೆ

ಅಪ್ಪ ತೀರಿಕೊಂಡ. ಊರಲ್ಲಿದ್ದ ಅಣ್ಣ ವಂಶವೃಕ್ಷ ಲಗತ್ತಿಸಿ ಪೌತಿ ಖಾತೆಗೆ ಅರ್ಜಿ ಕೊಟ್ಟ, ಜಮೀನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡ. ಗಂಡನ ಮನೆಯಲ್ಲಿದ್ದ ತಂಗಿಗೆ ಅದು ಗೊತ್ತಾದದ್ದು ಯಾವುದೋ ಕೆಲಸಕ್ಕೆ ಪಹಣಿ ತೆಗೆಸಿದ ದಿನ. ಪಾವಗಡ, ಶಿರಾ, ಕೊರಟಗೆರೆ, ಮಧುಗಿರಿ ಸೀಮೆಯ ಯಾವ ಊರಿನ ಹೆಸರು ಹಾಕಿದರೂ ಈ ಕಥೆ ಹೊಂದುತ್ತದೆ. ಆ ತಂಗಿ ಬರಬೇಕಾದದ್ದು ಮಧುಗಿರಿಗೆ. ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಉಪವಿಭಾಗ. ತಹಶೀಲ್ದಾರರ ಖಾತೆ ಆದೇಶದ ಮೇಲೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 136(2)ನೇ ಕಲಮಿನಡಿ ಅಪೀಲು ಹೋಗುವುದು ಅಲ್ಲಿನ ಉಪವಿಭಾಗಾಧಿಕಾರಿಗಳ ಮುಂದೆ. ಜನರ ಬಾಯಲ್ಲಿ ಅದು ಎ.ಸಿ. ಕೋರ್ಟು. ಆದೇಶ ತಿಳಿಸಿದ ದಿನದಿಂದ ಅಥವಾ ನಮೂದು ಗೊತ್ತಾದ ದಿನದಿಂದ 60 ದಿನದೊಳಗೆ ಅಪೀಲು ಹಾಕಬೇಕು.

ಆ ಅಪೀಲನ್ನು ಬರೆಯುವ ಕೆಲಸ ಎಷ್ಟೋ ಸಲ ಮೊನ್ನೆಯಷ್ಟೇ ಕಾನೂನು ಕಾಲೇಜು ಮುಗಿಸಿ ಬಂದ ಜೂನಿಯರ್ ಪಾಲಿಗೆ ಬರುತ್ತದೆ. ಕಾಲೇಜಿನಲ್ಲಿ ಅವರು ಇದನ್ನು ಕಲಿತಿಲ್ಲವೆಂದಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಕರಡು ಬರವಣಿಗೆ ಕಡ್ಡಾಯ ವಿಷಯ. ದಾವೆ, ಅಪೀಲುಗಳಂಥ 15 ಕರಡುಗಳಿಗೆ 45 ಅಂಕ, ಕ್ರಯಪತ್ರ, ಕರಾರುಗಳಂಥ 15 ದಸ್ತಾವೇಜುಗಳಿಗೆ 45, ಮೌಖಿಕಕ್ಕೆ 10. ಆದರೆ ನೋಡಿ ಬರೆಯಲು ಸಿಗುವ ಮಾದರಿ ಹೆಚ್ಚಾಗಿ ಇಂಗ್ಲಿಷ್ ಪುಸ್ತಕದ್ದು. ತಾಲ್ಲೂಕಿನ ಕಚೇರಿಗೆ ಬೇಕಿರುವುದು ಕನ್ನಡದ್ದು.

ಸಿವಿಲ್ ಅಪೀಲಿಗೆ ಕಾನೂನೇ ಕೊಟ್ಟ ಒಂದು ಮಾದರಿ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ‘ಜಿ’ ಅನುಬಂಧದ ಮೊದಲ ನಮೂನೆಯೇ ಅಪೀಲು ಮೆಮೊ. ಯಾರು, ಯಾವ ಕೋರ್ಟಿಗೆ, ಯಾವ ತಾರೀಖಿನ ಡಿಕ್ರಿಯ ಮೇಲೆ ಅಪೀಲು ಬಂದಿದ್ದಾರೆ ಎಂಬ ಒಂದೇ ವಾಕ್ಯ. ಅದರ ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗವನ್ನು ತುಂಬುವುದೇ ವಿದ್ಯೆ. ಅದೇ ಸಂಹಿತೆಯ 41ನೇ ಆದೇಶದ 1ನೇ ನಿಯಮ ಅದಕ್ಕೂ ಅಳತೆ ಹೇಳಿದೆ: ಆಕ್ಷೇಪಣೆಯ ಆಧಾರಗಳನ್ನು ಸಂಕ್ಷೇಪವಾಗಿ, ಬೇರೆಬೇರೆಯಾಗಿ, ಕ್ರಮಸಂಖ್ಯೆ ಹಾಕಿ ಬರೆಯಬೇಕು. ವಾದವೂ ಕೂಡದು, ಕಥೆಯೂ ಕೂಡದು.

ಹಾಗಿದ್ದೂ ಎಷ್ಟೋ ಅಪೀಲುಗಳ ಮೊದಲ ಆಧಾರ ಒಂದೇ ಇರುತ್ತದೆ: ‘ಕೆಳ ನ್ಯಾಯಾಲಯದ ಆದೇಶವು ಕಾನೂನಿಗೂ ಸಾಕ್ಷ್ಯಕ್ಕೂ ವಿರುದ್ಧವಾಗಿದೆ.’ ಈ ಮಾತನ್ನು ಯಾವ ಆದೇಶದ ಮೇಲಾದರೂ ಬರೆಯಬಹುದು. ಅದಕ್ಕೇ ಅದರಿಂದ ಏನೂ ತಿಳಿಯುವುದಿಲ್ಲ. ತಂಗಿಯ ಅಪೀಲಿನಲ್ಲಿ ಇರಬೇಕಾದ ಸಾಲು ಬೇರೆ: ‘ಮೃತ ಖಾತೆದಾರರ ಮಗಳಾದ ಅಪೀಲುದಾರಳಿಗೆ ನೋಟಿಸು ಜಾರಿಯಾದ ಬಗ್ಗೆ ಕೆಳಗಿನ ಕಡತದಲ್ಲಿ ಯಾವ ದಾಖಲೆಯೂ ಇಲ್ಲ.’ ಈ ಸಾಲು ಬರೆಯಬೇಕಾದರೆ ತಹಶೀಲ್ದಾರರ ಕಡತವನ್ನು ಹಾಳೆ ಹಾಳೆಯಾಗಿ ತಿರುವಿ ನೋಡಿರಬೇಕು. ಪಾವಗಡದ ತಿರುಮಣಿ ಸುತ್ತ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆಗೆ ಹೋದ ಮೇಲಂತೂ ಪಹಣಿಯ ಒಂದು ಹೆಸರಿಗೆ ವರ್ಷ ವರ್ಷವೂ ಹಣದ ತೂಕ ಬಂದಿದೆ.

ಖಾತೆಯ ಜಗಳ ಹಕ್ಕಿನ ಜಗಳವಾಗಿ ಸಿವಿಲ್ ಕೋರ್ಟಿಗೆ ಹೋದರೆ ಹೆಣ್ಣುಮಕ್ಕಳ ಪಾಲಿನ ಬಗ್ಗೆ ಓದಲು ಒಳ್ಳೆಯ ಸಾಮಗ್ರಿ ಇದೆ, ಅದೂ ಕರ್ನಾಟಕದಿಂದಲೇ ಹೋದದ್ದು. 2015ರ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಗಂಡುಮಕ್ಕಳ ಕಡೆಯವರು, 2018ರ ದಾನಮ್ಮ ಪ್ರಕರಣದಲ್ಲಿ ಹೆಣ್ಣುಮಕ್ಕಳು. ಎರಡರ ನಡುವಿನ ತೊಡಕನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಬಿಡಿಸಿತು. ಮೂರನ್ನೂ ಸಾಲಾಗಿ ಓದಿದ ವಿದ್ಯಾರ್ಥಿಗೆ ಅಪೀಲಿನ ಎರಡೂ ಬದಿ ಕಾಣುತ್ತದೆ. 2023ರಿಂದ ಸುಪ್ರೀಂ ಕೋರ್ಟಿನ ವರದಿಗಳು ಇ-ಎಸ್‌ಸಿಆರ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ.

ತೀರ್ಪು ಸಿಕ್ಕರೆ ಅಪೀಲು ಸಿಕ್ಕಂತಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಕೀಲರು ಸಲ್ಲಿಸಿದ ಲಿಖಿತ ವಾದವನ್ನೇ ಯಾರು ಬೇಕಾದರೂ ತೆಗೆದು ಓದಬಹುದು. ನಮ್ಮಲ್ಲಿ ಪ್ರಕರಣಕ್ಕೆ ಸಂಬಂಧಪಡದವರು ನಕಲು ಕೇಳಿದರೆ ಕಾರಣ ತೋರಿಸಿ ಅರ್ಜಿ ಹಾಕಬೇಕು. ಅಪೀಲೇ ಸಿಗದಿದ್ದರೂ ಹಿಂದಿನಿಂದ ಮುಂದಕ್ಕೆ ಓದುವ ದಾರಿಯೊಂದಿದೆ. 41ನೇ ಆದೇಶದ 31ನೇ ನಿಯಮದಂತೆ ಅಪೀಲು ಕೋರ್ಟು ತೀರ್ಪಿನಲ್ಲಿ ನಿರ್ಣಯಿಸಬೇಕಾದ ಅಂಶಗಳನ್ನು ಬರೆಯಲೇಬೇಕು. ವಿಚಾರಣಾ ಕೋರ್ಟಿನ ತೀರ್ಪನ್ನು ಮಾತ್ರ ಓದಿ ನಿಮ್ಮ ಆಧಾರಗಳನ್ನು ಬರೆದಿಡಿ. ಆಮೇಲೆ ಅಪೀಲು ತೀರ್ಪು ಬಿಚ್ಚಿ ಆ ಅಂಶಗಳ ಪಕ್ಕ ಇಟ್ಟು ನೋಡಿ. ಎಲ್ಲಿ ತಪ್ಪಿದಿರೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ನನಗೆ ಇನ್ನೂ ಹತ್ತಿರದ ಆಸೆಯೊಂದಿದೆ. ಸೀನಿಯರ್ ವಕೀಲರ ಕಚೇರಿಗಳಲ್ಲಿ ತೀರ್ಮಾನವಾದ ಅಪೀಲುಗಳ ಹಳೆಯ ಕಟ್ಟುಗಳು ಧೂಳು ಹಿಡಿದು ಕೂತಿವೆ. ಎಲ್ಲವೂ ಕನ್ನಡದವು, ಈ ಸೀಮೆಯ ಜಮೀನಿನವು. ನಾಲ್ಕು ತಾಲ್ಲೂಕಿನ ವಕೀಲರು ಕೂಡಿ, ಕಕ್ಷಿದಾರರ ಒಪ್ಪಿಗೆ ಪಡೆದು, ಹೆಸರು, ಊರು, ಸರ್ವೆ ನಂಬರಿಗೆ ಮಸಿ ಬಳಿದು, ಒಂದೊಂದು ಮೆಮೊದ ಹಿಂದೆ ಅದರ ಆದೇಶವನ್ನೂ ಹೊಲಿದು ಒಂದು ಪುಸ್ತಕ ಮಾಡಲಿ. ಸೋತ ಅಪೀಲುಗಳೂ ಅದರಲ್ಲಿರಲಿ. ಯಾವ ಆಧಾರ ಬಿದ್ದುಹೋಯಿತು, ಯಾಕೆ ಬಿತ್ತು ಎಂಬುದು ಗೆದ್ದ ಅಪೀಲಿನಲ್ಲಿ ಕಾಣುವುದಿಲ್ಲ.