ಮಂಡಿಯ ಕೆಳಗಿನ ಮೂರೂವರೆ ಇಂಚು: ಕಾಫಿ ಮಲೆನಾಡಿನ ದುಡಿಮೆ ಮತ್ತು ಮೋಟುಗಾಲಿನ ಪುನಾರಚನೆ

ಕಡಿದ ಮರದ ಬುಡಕ್ಕೂ ಕತ್ತರಿಸಿದ ಕಾಲಿನ ಉಳಿಕೆಗೂ ಕನ್ನಡದಲ್ಲಿ ‘ಮೋಟು’ ಎಂಬ ಒಂದೇ ಪದ ಸಲ್ಲುತ್ತದೆ. ಮರಗಸಿಗಾಗಿ ನೆರಳಿನ ಮರವೇರುವ, ಏಣಿಯ ಮೇಲೆ ನಿಂತು ಕಾಳುಮೆಣಸು ಕೊಯ್ಯುವ ಮೂಡಿಗೆರೆ, ಕಳಸ ಭಾಗದ ತೋಟಗಳಲ್ಲಿ ಈ ಎರಡು ಅರ್ಥಗಳ ನಡುವಿನ ಅಂತರ ಬಹಳವಿಲ್ಲ. ಕಾಲುನೋವಿಗೆ ಬೆಳ್ಳಿಯ ಕಾಲನ್ನು ಹರಕೆಯೊಪ್ಪಿಸುವ ಜನಪದರು ಕಾಲನ್ನು ಇಡಿಯಾಗಿ ಕಾಣುತ್ತಾರೆ. ಶಸ್ತ್ರವೈದ್ಯರಾದರೋ ಅದನ್ನು ಮಂಡಿಯಿಂದ ಕೆಳಕ್ಕೆ ಬೆರಳಳತೆಯಲ್ಲಿ ಎಣಿಸುತ್ತಾರೆ.

ಏರು ಹತ್ತುವಾಗ ದೇಹದ ಭಾರವನ್ನು ಎತ್ತುವುದೂ ಇಳಿಯುವಾಗ ತಡೆದು ನಿಲ್ಲಿಸುವುದೂ ಮಂಡಿಯೇ. ಸಮತಟ್ಟಾದ ನೆಲದಲ್ಲಿಯೇ, ಮಂಡಿಯ ಕೆಳಗೆ ಕಾಲು ಕಳೆದುಕೊಂಡವರಿಗೆ ನಡಿಗೆಯ ಶ್ರಮ ಸುಮಾರು ಶೇ. 25ರಷ್ಟು, ಮಂಡಿಯ ಮೇಲೆ ಕಳೆದುಕೊಂಡವರಿಗೆ ಶೇ. 60ಕ್ಕೂ ಹೆಚ್ಚು ಅಧಿಕವಾಗುತ್ತದೆ. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಅನುಸೂಚಿಯು ಮಾತ್ರ ಈ ಭೇದವನ್ನು ಪೂರ್ಣವಾಗಿ ಮನ್ನಿಸಲಿಲ್ಲ. ತೊಡೆಯ ನಡುಭಾಗದ ಕೆಳಗಿನಿಂದ ಮಂಡಿಯ ಕೆಳಗೆ 8.89 ಸೆಂ.ಮೀ.ವರೆಗೆ, ಎಂದರೆ ಮೂರೂವರೆ ಇಂಚಿನವರೆಗೆ, ಎಲ್ಲಿ ಕತ್ತರಿಸಿದರೂ ಗಳಿಕೆಯ ಸಾಮರ್ಥ್ಯದ ನಷ್ಟ ಶೇ. 60 ಎಂದೇ ಅದು ಎಣಿಸಿತು, 8.89ರಿಂದ 12.70 ಸೆಂ.ಮೀ.ವರೆಗಿನ ಮೋಟಿಗೆ ಶೇ. 50. ಗಿಡ್ಡ ಮೋಟಿನವನಿಗೆ ಮಂಡಿ ಇದ್ದೂ ಇಲ್ಲದ ಲೆಕ್ಕ!

ಈ ಲೆಕ್ಕ ತೀರ ನಿರಾಧಾರವೇನಲ್ಲ. ಗಿಡ್ಡ ಮೋಟು ಮಂಡಿ ಮಡಿಸಿದೊಡನೆ ಕೃತಕ ಕಾಲಿನ ಬಟ್ಟಲಿನಿಂದ ಜಾರುತ್ತದೆ. ಮೂಳೆಗಂಟಿದ ತೆಳುಚರ್ಮ ಉಜ್ಜಿ ಹುಣ್ಣಾಗುತ್ತದೆ. ಪುನಾರಚನೆಯ ಉದ್ದೇಶ ಇದನ್ನು ನೀಗಿಸುವುದು. ಕಣಕಾಲಿನ ಸಣ್ಣ ಮೂಳೆಯ ತುಂಡನ್ನು ತೆಗೆದು, ಮಂಡಿಯ ಹಿಂದಿನ ಸ್ನಾಯುರಜ್ಜುಗಳನ್ನು ಸಡಿಲಿಸಿದರೆ ಬಟ್ಟಲಿನ ಅಂಚು ಮೇಲೇರಿ ಹಿಡಿತ ದೊರೆಯುತ್ತದೆ. ಚರ್ಮ ಸಾಲದಿದ್ದಲ್ಲಿ ಬೆನ್ನಿನ ಸ್ನಾಯುವನ್ನು ರಕ್ತನಾಳಸಮೇತ ತಂದು ಹೊದಿಸುವುದುಂಟು. ಆದರೆ ಮಂಡಿಚಿಪ್ಪಿನ ರಜ್ಜು ಅಂಟಿರುವ ದೊಡ್ಡ ಮೂಳೆಯ ಉಬ್ಬು ಉಳಿದಿರಲೇಬೇಕು. ಅದಿಲ್ಲದೆ ಮಂಡಿಯನ್ನು ಚಾಚಲಾಗದು.

ಉದ್ದವನ್ನೇ ಹೆಚ್ಚಿಸಬೇಕಾದಾಗ ರಷ್ಯಾದ ಕುರ್ಗಾನಿನಲ್ಲಿ ಗವ್ರೀಲ್ ಇಲಿಜಾರೋವ್ 1950ರ ದಶಕದಲ್ಲಿ ರೂಪಿಸಿದ ಬಳೆಗಳ ಚೌಕಟ್ಟು ನೆರವಿಗೆ ಬರುತ್ತದೆ. ಮೂಳೆಯನ್ನು ಕತ್ತರಿಸಿ, ದಿನಕ್ಕೆ 1 ಮಿ.ಮೀ.ನಂತೆ, ನಾಲ್ಕು ಕಂತುಗಳಲ್ಲಿ ಎಳೆಯುತ್ತಾರೆ. ತೆರವಿನಲ್ಲಿ ಹೊಸ ಮೂಳೆ ಕೂಡಿಕೊಳ್ಳುತ್ತದೆ. 5 ಸೆಂ.ಮೀ. ಎಳೆಯಲು ಸುಮಾರು 50 ದಿನ ಬೇಕು. ಬೆಳೆದ ಮೂಳೆ ಗಟ್ಟಿಯಾಗಲು ಅದಕ್ಕೂ ಹೆಚ್ಚು. ಅಷ್ಟು ಕಾಲ ತಂತಿ ಹೊಕ್ಕ ಜಾಗಗಳನ್ನು ಕೀವಾಗದಂತೆ ಕಾಯಬೇಕು. ಮುಂಗಾರಿನಲ್ಲಿ ಗೋಡೆ ಒಸರುವ ಲೈನ್ ಮನೆಯಲ್ಲಿ, ದಿನಗೂಲಿಯನ್ನೂ ಬಿಟ್ಟು ಇದನ್ನು ನಿಭಾಯಿಸುವುದು ಸಣ್ಣ ಮಾತಲ್ಲ. ಈ ಚಿಕಿತ್ಸೆ ಎಲ್ಲರಿಗೂ ತಕ್ಕುದೆನ್ನಲಾಗದು.

ಜಯಪುರದಲ್ಲಿ 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಹಾಗೂ ಡಾ. ಪಿ. ಕೆ. ಸೇಠಿ ರೂಪಿಸಿದ ರಬ್ಬರಿನ ಪಾದವು ಬರಿಗಾಲ ನಡಿಗೆಗೂ ಕೆಸರಿಗೂ ಒಗ್ಗಿತು. ಕರಕುಶಲಿಯ ಕೈ ಮತ್ತು ವೈದ್ಯರ ಅಂಗರಚನಾಜ್ಞಾನ ಕೂಡಿದ್ದರ ಫಲವದು. ಕುಕ್ಕರುಗಾಲಿನಲ್ಲಿ ಕೂರುವವರನ್ನೂ ಅದು ನೆನಪಿನಲ್ಲಿಟ್ಟುಕೊಂಡಿತ್ತು. ಆದರೆ ಹಾಗೆ ಕೂರಲು ಪಾದವೊಂದೇ ಸಾಲದು, ಮಂಡಿ ಮಡಿಯಬೇಕು. ಗಿಡದಡಿ ಉದುರಿದ ಕಾಫಿ ಹಣ್ಣನ್ನು ಆಯುವುದು ಕುಕ್ಕರುಗಾಲಿನಲ್ಲಿಯೇ.